ಏಳು ಸೀಸೆಯೊಳಗಿನ ಸುಳ್ಳು

ಸೊಸೆ ಗಡಿಗೆ ಉಜ್ಜುತ್ತಿದ್ದಳು. ಪಕ್ಕದಲ್ಲಿ ಮಾವ ಕೂತು ಹಗ್ಗದ ಗಂಟು ಬಿಚ್ಚುತ್ತಿದ್ದರು. ಒಂದು ಗಡಿಗೆ ಮುಗಿದರೆ ಅವಳು ಅದನ್ನು ಮಗುಚಿ ಗೋಡೆಯ ಬುಡದಲ್ಲಿ ಇಡುತ್ತಿದ್ದಳು. ಮಾವ ತಲೆ ಎತ್ತದೆಯೇ ಇನ್ನೊಂದನ್ನು ಅವಳತ್ತ ಉರುಳಿಸುತ್ತಿದ್ದರು. ಬ್ರಷ್ಷಿನ ಸದ್ದು, ನೀರು ಚೆಲ್ಲುವ ಸದ್ದು, ಅಷ್ಟೇ. ಒಂದೂ ಮಾತಿಲ್ಲದೆ ಹದಿನೆಂಟು ಗಡಿಗೆ ಮುಗಿದಿದ್ದವು. ಆ ಮನೆಯಲ್ಲಿ ಮಾತಿನ ಗುತ್ತಿಗೆಯೆಲ್ಲ ಅತ್ತೆಯದು, ಅತ್ತೆ ಒಳಗೆ ಒಲೆಯ ಮುಂದೆ ಇದ್ದರು.

ಇವು ನೀರು ತುಂಬುವ ಗಡಿಗೆಗಳಲ್ಲ, ಆಕ್ಟೋಪಸ್ ಹಿಡಿಯುವ ಗಡಿಗೆಗಳು. ಉದ್ದನೆಯ ಹಗ್ಗಕ್ಕೆ ಮೂರು ಮಾರಿಗೆ ಒಂದರಂತೆ ಕಟ್ಟಿ ಸಮುದ್ರದ ತಳಕ್ಕೆ ಇಳಿಸುತ್ತಾರೆ. ಒಳಗೆ ತಿನ್ನಲು ಏನೂ ಇಡುವುದಿಲ್ಲ. ಆಕ್ಟೋಪಸ್ಸಿಗೆ ಮೂಳೆಯಿಲ್ಲ, ಮೇಲೆ ಚಿಪ್ಪೂ ಇಲ್ಲ, ಮೈ ಬಚ್ಚಿಟ್ಟುಕೊಳ್ಳಲು ಒಂದು ಗೂಡು ಬೇಕು. ಖಾಲಿ ಗಡಿಗೆ ಕಂಡರೆ ಬಾಡಿಗೆಯಿಲ್ಲದ ಮನೆ ಸಿಕ್ಕಿತೆಂದು ಎಂಟೂ ಕಾಲು ಮಡಚಿಕೊಂಡು ಒಳಗೆ ಸೇರಿಬಿಡುತ್ತದೆ. ಹಗ್ಗ ಎಳೆದರೆ ಗಡಿಗೆಯ ಜೊತೆಗೇ ಮೇಲೆ ಬರುತ್ತದೆ. ಆ ಕಡಲತೀರದ ನಲವತ್ತು ದೋಣಿಗಳ ಬದುಕು ಇದೇ. ಅವರಲ್ಲೆಲ್ಲ ಹಳಬರು ಸೊಸೆಯ ಮಾವ. ಬಂದರಿನವರು ಅವರನ್ನು ಗಡಿಗೆ ಯಜಮಾನ ಎಂದೇ ಕರೆಯುತ್ತಿದ್ದರು.

ಎರಡು ತಿಂಗಳಿಗೊಮ್ಮೆ ಗಡಿಗೆಗಳನ್ನು ದಡಕ್ಕೆ ತಂದು ಉಜ್ಜಬೇಕು. ಕೊಳಕು ಮನೆಗೆ ಆಕ್ಟೋಪಸ್ ಬರುವುದಿಲ್ಲ ಎಂಬುದು ಮಾವನ ನಂಬಿಕೆ. ಐದು ವರ್ಷಗಳಿಂದ ಉಜ್ಜುತ್ತಿರುವ ಸೊಸೆಗೆ ಗಡಿಗೆಯನ್ನು ನೋಡಿದರೆ ಸಾಕು, ಅದು ಎಲ್ಲಿ ಕೂತಿತ್ತು ಎಂದು ತಿಳಿದುಬಿಡುತ್ತಿತ್ತು. ದಡದ ಹತ್ತಿರ ದೀಪದ ಕಂಬವಿರುವ ಬಂಡೆಯೊಂದಿದೆ. ಎಲ್ಲ ದೋಣಿಗಳೂ ಗಡಿಗೆ ಇಳಿಸುವುದು ಆ ದೀಪದ ಬಂಡೆಯ ಸುತ್ತ. ಅಲ್ಲಿಯ ಗಡಿಗೆಗೆ ಹಸಿರು ಪಾಚಿ, ಕೈಯಿಟ್ಟರೆ ಜಾರುತ್ತದೆ. ಆದರೆ ಈ ಮನೆಯ ಗಡಿಗೆಗಳಲ್ಲಿ ಕೆಲವಕ್ಕೆ ಹಸಿರು ಇರುತ್ತಲೇ ಇರಲಿಲ್ಲ. ಬದಲಿಗೆ ಗುಲಾಬಿ ಬಣ್ಣದ ಗಟ್ಟಿ ಕಲೆ, ನಡುನಡುವೆ ದಾರದಂತಹ ಬಿಳಿ ಕೊಳವೆಗಳು. ಅದು ಆಳದ ನೀರಿನ ಗುರುತು. ಮಾವ ಮತ್ತು ಅವಳ ಗಂಡ ದೋಣಿಯ ಬಳಿ ಪಿಸುಗುಟ್ಟುವ “ಹೊರದಿಬ್ಬ” ಎಂಬ ಮಾತು ಒಂದೆರಡು ಸಲ ಅವಳ ಕಿವಿಗೆ ಬಿದ್ದಿತ್ತು. ಅವಳು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಗಡಿಗೆ ಇಳಿಸುವವರಲ್ಲಿ ಒಂದು ಕಟ್ಟುಪಾಡಿದೆ. ಜಾಗ ಹೇಳಬಾರದು. “ಎಲ್ಲಿ ಸಿಕ್ತು?” ಎಂದು ಯಾರಾದರೂ ಕೇಳಿದರೆ “ನೀರಲ್ಲಿ” ಎನ್ನಬೇಕು. ಕೇಳಿದವನೂ ನಕ್ಕು ಮುಂದೆ ಹೋಗಬೇಕು.

ಹತ್ತೊಂಬತ್ತನೆಯ ಗಡಿಗೆ ಅವಳ ಕೈಯಲ್ಲಿದ್ದಾಗ ಅಂಗಳದ ಗೇಟು ಕಿರ್ರೆಂದಿತು. ಬಂದವರು ಸೀಸೆ ಮೇಡಂ.

ಸೀಸೆ ಮೇಡಂ ಎಂದರೆ ಸಮುದ್ರ ಸಂಶೋಧನಾ ಕೇಂದ್ರದವರು. ಐದು ತಿಂಗಳ ಹಿಂದೆ ಬೆರಳುದ್ದದ ಸೀಸೆಗಳ ಪೆಟ್ಟಿಗೆ ಹಿಡಿದು ಮನೆಮನೆಗೆ ಬಂದಿದ್ದರು. ಅಂದಿನಿಂದ ಅವರಿಗೆ ಅದೇ ಹೆಸರು. ಆ ದಿನದ ಮಾತುಕತೆ ಸೊಸೆಗೆ ಇನ್ನೂ ಬಾಯಿಪಾಠ.

“ಹಿಡಿದ ಆಕ್ಟೋಪಸ್ಸಿನ ಒಂದು ಕಾಲಿನ ತುದಿ ಬೇಕು ಯಜಮಾನ್ರೇ. ಬೇಳೆಕಾಳಿನಷ್ಟು. ಅಷ್ಟೇ,” ಎಂದಿದ್ದರು ಮೇಡಂ.

“ಬೇಡ,” ಎಂದಿದ್ದರು ಮಾವ.

“ತೂಕ ಏನೂ ಕಮ್ಮಿ ಆಗಲ್ಲ.”

“ಬೇಡ.”

ಅತ್ತೆ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. “ಎಂಟು ಕಾಲಿದೆ ಅದಕ್ಕೆ. ಒಂದರ ತುದಿ ಹೋದ್ರೆ ಏನು ಕುಂಟುತ್ತಾ? ನಿಮ್ಮ ಮೀಸೆ ತುದಿ ಕತ್ತರಿಸಿದ್ರೆ ನೀವು ಇನ್ನೊಬ್ಬರಾಗ್ತೀರಾ?”

“ನೀನು ಸುಮ್ನಿರು. ಕಾಲಿನ ತುದಿ ತಗೊಂಡು ಇವರು ಏನು ಮಾಡ್ತಾರಂತೆ?”

ಮೇಡಂ ಕಟ್ಟೆಯ ಮೇಲೆ ಕೂತು ನಿಧಾನವಾಗಿ ಹೇಳಿದರು. “ಮಗು ಹುಟ್ಟಿದಾಗ ಮೂಗು ಯಾರದ್ದು, ಕಿವಿ ಯಾರದ್ದು ಅಂತ ನೋಡ್ತೀವಲ್ಲ?”

“ನೋಡ್ತೀವಿ. ನನ್ನ ಮಗನ ಮೂಗು ನನ್ನದೇ.”

“ಪಾಪ,” ಎಂದರು ಅತ್ತೆ.

“ಆಕ್ಟೋಪಸ್ಸಿಗೆ ಅಂಥ ಮೂಗಿಲ್ಲ. ಬಣ್ಣ ನೋಡೋಣ ಅಂದ್ರೆ ಗಳಿಗೆಗೊಂದು ಬಣ್ಣ ಬದಲಾಯಿಸುತ್ತೆ. ಹೊರಗಿಂದ ನೋಡಿ ಇದು ಯಾವ ಮನೆತನದ್ದು ಅಂತ ಹೇಳೋಕಾಗಲ್ಲ. ಆದ್ರೆ ಅದರ ಮೈಯ ಕಣಕಣದಲ್ಲೂ ಒಂದು ಉದ್ದನೆಯ ಬರಹ ಇದೆ. ಡಿಎನ್ಎ ಅಂತಾರೆ. ಆ ಬರಹದಲ್ಲಿ ಕೆಲವು ಕಡೆ ಒಂದೇ ಪುಟ್ಟ ಪದ ಮತ್ತೆ ಮತ್ತೆ ಬರುತ್ತೆ. ಒಂದರಲ್ಲಿ ಹನ್ನೊಂದು ಸಲ, ಇನ್ನೊಂದರಲ್ಲಿ ಹದಿನಾಲ್ಕು ಸಲ. ಮರಿಗೆ ಅದು ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತೆ. ಅಂಥ ಹತ್ತು ಹನ್ನೆರಡು ಕಡೆ ನೋಡಿದ್ರೆ ಯಾವುದು ಯಾವುದಕ್ಕೆ ನೆಂಟ ಅಂತ ಗೊತ್ತಾಗುತ್ತೆ. ಅದಕ್ಕೇ ಅವನ್ನ ಗುರುತುಗಳು ಅಂತೀವಿ.”

“ಈ ಮನೆ ಗಂಡಸರ ಹಾಗೆ,” ಎಂದರು ಅತ್ತೆ. “ಇವರಪ್ಪ ‘ಬೇಡ’ ಅನ್ನೋ ಮಾತನ್ನ ದಿನಕ್ಕೆ ಹದಿನಾಲ್ಕು ಸಲ ಹೇಳ್ತಿದ್ರು. ಇವರದು ಹನ್ನೊಂದು.”

ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಮೇಡಂ ಕೂಡ ನಕ್ಕು, ಮತ್ತೆ ಗಂಭೀರವಾದರು.

“ದೀಪದ ಬಂಡೆ ಹತ್ರ ಮೂರು ವರ್ಷದಿಂದ ಆಕ್ಟೋಪಸ್ ಕಮ್ಮಿ ಆಗ್ತಾ ಇದೆ. ಹೆಣ್ಣು ಬದುಕಲ್ಲಿ ಒಂದೇ ಸಲ ಮೊಟ್ಟೆ ಇಡುತ್ತೆ. ಹೊಟ್ಟೆಗಿಲ್ಲದೆ ಮೊಟ್ಟೆ ಕಾಯುತ್ತೆ, ಮರಿ ಹೊರಗೆ ಬಂದ ಮೇಲೆ ಸಾಯುತ್ತೆ. ಕೆಲವು ಜಾತಿಯ ಮರಿಗಳು ನೀರಿನ ಸೆಳೆತದಲ್ಲಿ ವಾರಗಟ್ಟಲೆ ತೇಲಿ ದೂರ ಹೋಗ್ತವೆ. ಕೆಲವು ಹುಟ್ಟಿದ ಬಂಡೆ ಬಿಟ್ಟು ಕದಲಲ್ಲ. ನಮ್ಮದು ಯಾವ ಥರ? ಹೊರಗಿನವು ಬಂದು ತುಂಬಿಕೊಳ್ಳೋ ಹಾಗಿದ್ರೆ ಚಿಂತೆ ಇಲ್ಲ. ಬಂಡೆಯದ್ದೇ ಬೇರೆ ಮನೆತನ ಆಗಿದ್ರೆ, ಅದು ಮುಗಿದ್ರೆ ಮುಗೀತು. ಆಗ ಮೊಟ್ಟೆ ಕಾಲದ ಎರಡು ತಿಂಗಳು ಅಲ್ಲಿ ಗಡಿಗೆ ಇಳಿಸಬಾರದು. ಇದನ್ನ ತಿಳಿಯೋಕೆ ಕಾಲಿನ ತುದಿ ಬೇಕು, ಅದು ಎಲ್ಲಿ ಸಿಕ್ತು ಅನ್ನೋದೂ ಬೇಕು.”

ಕೊನೆಯ ಮಾತು ಕೇಳಿ ಮಾವನ ಹುಬ್ಬು ಗಂಟಾಯಿತು. ಆದರೂ ಪೆಟ್ಟಿಗೆ ಮನೆಯಲ್ಲಿ ಉಳಿಯಿತು. ಅತ್ತೆ ಅದನ್ನು ಆಗಲೇ ಒಳಗೆ ಒಯ್ದಿದ್ದರು.

ಮೇಡಂ ಸೊಸೆಗೆ ಕೆಲಸ ತೋರಿಸಿಕೊಟ್ಟರು. ತುದಿ ಕತ್ತರಿಸಿ ಸ್ಪಿರಿಟ್ ಇರುವ ಸೀಸೆಗೆ ಹಾಕಬೇಕು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಚಾಕುವನ್ನು ಚೆನ್ನಾಗಿ ಒರೆಸಬೇಕು, ಇಲ್ಲದಿದ್ದರೆ ಒಂದರ ಗುರುತು ಇನ್ನೊಂದಕ್ಕೆ ಅಂಟುತ್ತದೆ. ದಿನ, ಜಾಗ, ಆಳ ಈ ಮೂರನ್ನೂ ಚೀಟಿಯಲ್ಲಿ ಬರೆದು ಸೀಸೆಯೊಳಗೇ ಇಡಬೇಕು. ಪೆನ್ಸಿಲ್ಲಿನಲ್ಲೇ ಬರೆಯಬೇಕು, ಪೆನ್ನಿನ ಶಾಯಿ ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ.

ಮರುದಿನ ಮಾವ ಸೊಸೆಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು. “ಅಮ್ಮಾ, ತುದಿ ಬೇಕಾದ್ರೆ ಕೊಡು. ಜಾಗ ಮಾತ್ರ ಎಲ್ಲದಕ್ಕೂ ದೀಪದ ಬಂಡೆ ಅಂತಲೇ ಬರಿ. ಆಳ ಎಂಟು ಮಾರು.”

ಅವಳು ಬರೆದಳು. ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ತಾನು ಬರೆದದ್ದನ್ನು ಇನ್ನೊಬ್ಬರು ಓದುತ್ತಾರೆ ಎಂಬುದೇ ಅವಳಿಗೆ ಎಷ್ಟೋ ವರ್ಷಗಳ ಮೇಲೆ ಸಿಕ್ಕ ಸಂತೋಷ. ಒಂದೊಂದು ಅಕ್ಷರವನ್ನೂ ದುಂಡಗೆ ಬರೆದಳು. ಇಪ್ಪತ್ತಮೂರು ಸೀಸೆ ತುಂಬಿದವು.

ಇವತ್ತು ಗೇಟು ತೆರೆದು ಬಂದ ಮೇಡಂ ಮುಖದಲ್ಲಿ ನಗು ಇತ್ತು.

“ಯಜಮಾನ್ರೇ, ಒಳ್ಳೆ ಸುದ್ದಿ ಇರೋ ಹಾಗಿದೆ! ನಿಮ್ಮ ಇಪ್ಪತ್ತಮೂರರಲ್ಲಿ ಏಳು ಬೇರೆ ಮನೆತನದವು. ದೊಡ್ಡ ಬೋಟಿನವರು ಆಳದಿಂದ ತಂದುಕೊಟ್ಟ ಸೀಸೆಗಳಿಗೂ ಈ ಏಳಕ್ಕೂ ಗುರುತು ಹೊಂದುತ್ತೆ. ಅಂದ್ರೆ ಹೊರಗಿನವು ದೀಪದ ಬಂಡೆಗೆ ಬಂದು ನೆಲೆ ನಿಲ್ತಾ ಇವೆ ಅಂತ ಆಯ್ತು. ಭಾನುವಾರ ಮೀನುಗಾರರ ಸಂಘದ ಸಭೆಯಲ್ಲಿ ಇದನ್ನೇ ಹೇಳ್ತೀನಿ. ಹೀಗಿದ್ರೆ ಮೊಟ್ಟೆ ಕಾಲದಲ್ಲಿ ಗಡಿಗೆ ಎತ್ತೋ ಅಗತ್ಯ ಇಲ್ಲ.”

“ನೋಡಿದ್ರಾ!” ಅತ್ತೆ ಒಳಗಿನಿಂದಲೇ ಕೂಗಿದರು. “ಕೊಟ್ಟಿದ್ದಕ್ಕೆ ಒಳ್ಳೇದೇ ಆಯ್ತು. ಚಹಾ ಇಡ್ತೀನಿ, ಕೂತ್ಕೊಳ್ಳಿ ಮೇಡಂ.”

ಮೇಡಂ ಕಾಗದ ನೋಡಿ ಓದಿದರು. “ನಾಲ್ಕನೇ ಸೀಸೆ. ಒಂಬತ್ತು, ಹತ್ತು. ಹದಿನೈದು, ಹದಿನಾರು. ಇಪ್ಪತ್ತು, ಇಪ್ಪತ್ತೆರಡು.”

ಸೊಸೆಯ ಬ್ರಷ್ಷು ನಿಂತಿತು. ನಾಲ್ಕನೆಯದು ಗಂಡನ ಹೆಬ್ಬೆರಳು ಹಗ್ಗಕ್ಕೆ ಸಿಕ್ಕಿ ಚರ್ಮ ಕಿತ್ತು ಬಂದ ದಿನದ್ದು. ಆಳದಿಂದ ಎಳೆಯುವ ಉದ್ದ ಹಗ್ಗ ಮಾತ್ರ ಹಾಗೆ ಕೈ ಕೊಯ್ಯುತ್ತದೆ. ಒಂಬತ್ತು, ಹತ್ತು ಅವರು ಮಧ್ಯಾಹ್ನ ಕಳೆದು ಮನೆಗೆ ಬಂದ ದಿನದವು. ಅನ್ನ ಆರಿತೆಂದು ಅತ್ತೆ ಬೈದಿದ್ದರು. ಉಳಿದವೂ ಹಾಗೆಯೇ. ಏಳಕ್ಕೆ ಏಳೂ ಹೊರದಿಬ್ಬದ ದಿನಗಳವು. ಎಲ್ಲೋ ಒಂದು ಕೋಣೆಯಲ್ಲಿ ಕೂತವರು ಬೇಳೆಕಾಳಿನಷ್ಟು ಮಾಂಸ ನೋಡಿ ಅವನ್ನು ಆರಿಸಿ ಬೇರೆ ಇಟ್ಟಿದ್ದರು. ಒಂದೂ ತಪ್ಪಿರಲಿಲ್ಲ. ತಪ್ಪಿದ್ದುದು ಚೀಟಿಯಲ್ಲಿ.

“ಇನ್ನೊಂದು ಮಾತು,” ಮೇಡಂ ಅವಳ ಕಡೆ ತಿರುಗಿದರು. “ನಲವತ್ತು ಮನೆಯ ಚೀಟಿಗಳಲ್ಲಿ ಇಷ್ಟು ಚೆಂದದ ಅಕ್ಷರ ಇನ್ನಾರದೂ ಇಲ್ಲ. ನಾವಂತೂ ನಿಮ್ಮ ಚೀಟಿ ನಂಬಿಕೊಂಡೇ ಕೆಲಸ ಮಾಡಿದ್ದು.”

ಸೊಸೆಗೆ ತಲೆ ಎತ್ತಲಾಗಲಿಲ್ಲ. ಮಾವ ಬಿಚ್ಚಿದ ಗಂಟನ್ನೇ ಮತ್ತೆ ಕಟ್ಟುತ್ತಿದ್ದರು.

ಆ ದಿನ ಶುಕ್ರವಾರ. ಶನಿವಾರ ಬೆಳಿಗ್ಗೆ ಗಂಡ ಡೀಸೆಲ್ ತರಲು ಹೋದ ಮೇಲೆ ಸೊಸೆ ಎರಡು ಗಡಿಗೆ ಎತ್ತಿಕೊಂಡು ಬಂದು ಮಾವನ ಮುಂದೆ ಇಟ್ಟಳು. ಒಂದು ಹಸಿರು, ಇನ್ನೊಂದು ಗುಲಾಬಿ. ಎರಡನ್ನೂ ಉಜ್ಜದೆ ತೆಗೆದಿಟ್ಟಿದ್ದಳು.

“ಮಾವ, ಒಂದು ಮಾತು.”

ಐದು ವರ್ಷಗಳಲ್ಲಿ ಅವಳು ತಾನಾಗಿ ಮಾತು ತೆಗೆದದ್ದು ಅದೇ ಮೊದಲು. ಮಾವ ಹಗ್ಗ ಕೆಳಗಿಟ್ಟರು. “ಹೇಳಮ್ಮ.”

“ಆ ಏಳು ಹೊರದಿಬ್ಬದವು.”

ಮಾವನ ಮುಖ ಬಿಳಿಚಿತು. “ಹೊರದಿಬ್ಬ ಅಂತ ಒಂದಿದೆ ಅಂತ ನಿನಗ್ಯಾರು ಹೇಳಿದ್ರು? ನಿನ್ನ ಗಂಡನಾ?”

“ಅವರು ಹೇಳಿಲ್ಲ. ಗಡಿಗೆ ಹೇಳ್ತು. ಐದು ವರ್ಷದಿಂದ ನಾನೇ ಉಜ್ತಾ ಇದೀನಲ್ಲ.”

ಮಾವ ಗುಲಾಬಿ ಗಡಿಗೆಯನ್ನು ನೋಡಿದರು. ಅಷ್ಟು ವರ್ಷ ಆ ಗಡಿಗೆಗಳನ್ನು ಮುಟ್ಟಿದವರಿಗೆ ಅವುಗಳ ಹೊಟ್ಟೆಯ ಮೇಲೆ ತಮ್ಮ ಗುಟ್ಟು ಅಚ್ಚಾಗಿರುವುದು ಕಂಡದ್ದು ಆಗಲೇ.

“ಮೇಡಂಗೆ ಹೇಳಿದ್ಯಾ?”

“ಇಲ್ಲ. ನಿಮಗೇ ಮೊದಲು ಹೇಳ್ತಾ ಇದೀನಿ.” ಅವಳು ಉಸಿರು ತೆಗೆದುಕೊಂಡಳು. ಒಮ್ಮೆ ನಿಂತರೆ ಮತ್ತೆ ಮಾತು ಬಾರದೆಂಬ ಹೆದರಿಕೆಯಿಂದ ಒಂದೇ ಸಮನೆ ಹೇಳಿದಳು. “ನಾಳೆ ಮೇಡಂ ಹೊರಗಿಂದ ಬಂದು ತುಂಬುತ್ತೆ ಅಂತಾರೆ. ಎಲ್ರೂ ಖುಷಿಯಾಗಿ ಮೊಟ್ಟೆ ಕಾಲದಲ್ಲೂ ಬಂಡೆ ಹತ್ರ ಗಡಿಗೆ ಇಳಿಸ್ತಾರೆ. ಆದ್ರೆ ಅಲ್ಲಿಗೆ ಹೊರಗಿಂದ ಯಾವುದೂ ಬರ್ತಾ ಇಲ್ಲ ಮಾವ. ಬಂದಿರೋದು ನಮ್ಮ ಚೀಟಿಯಲ್ಲಿ ಮಾತ್ರ. ಎರಡು ಮೂರು ವರ್ಷದಲ್ಲಿ ಬಂಡೆ ಬರಿದಾಗುತ್ತೆ. ಆಗ ಈ ನಲವತ್ತು ದೋಣಿ ಎಲ್ಲಿಗೆ ಹೋಗ್ತವೆ?”

ಮಾವ ಗುಲಾಬಿ ಕಲೆಯನ್ನು ಉಗುರಿನಿಂದ ಕೆರೆದರು.

“ಹೊರಗೆ ಹೋಗ್ತವೆ. ಹುಡುಕ್ತವೆ. ನಲವತ್ತು ದೋಣಿ ಹುಡುಕಿದ್ರೆ ಹೊರದಿಬ್ಬ ಎಷ್ಟು ದಿನ ಬಚ್ಚಿಟ್ಕೊಂಡಿರುತ್ತೆ?”

ಮಾವ ಮೀಸೆಯ ಮೇಲೆ ಕೈಯಾಡಿಸಿದರು. ಕೈ ಅಲ್ಲೇ ನಿಂತಿತು. ಕಾಪಾಡಲೆಂದು ಹೇಳಿದ ಸುಳ್ಳೇ ಕಳ್ಳನಿಗೆ ದಾರಿ ತೋರಿಸುವಂತಾಗಿತ್ತು.

“ಅದು ನಮ್ಮಪ್ಪ ತೋರಿಸಿದ ಜಾಗ ಕಣಮ್ಮ,” ಎಂದರು ಕೊನೆಗೆ. ದನಿ ಸಣ್ಣದಾಗಿತ್ತು. “ದಡದ ಯಾವ ಮರಕ್ಕೆ ಯಾವ ಗುಡ್ಡ ಸರಿಯಾಗಿ ಕೂತಾಗ ಹಗ್ಗ ಬಿಡಬೇಕು ಅಂತ ನನ್ನ ಕತ್ತು ಹಿಡಿದು ತಿರುಗಿಸಿ ತೋರಿಸಿದ್ರು. ಯಾರಿಗೂ ಹೇಳಬೇಡ ಅಂದಿದ್ರು. ನಿಮ್ಮತ್ತೆಗೂ ಹೇಳಿಲ್ಲ.”

“ಅದೇ ನಾನೂ ಕೇಳಿಸ್ಕೊಂಡೆ!” ಅತ್ತೆ ಬಾಗಿಲ ಮರೆಯಿಂದ ಹೊರಬಂದರು. “ಮೂವತ್ತೆರಡು ವರ್ಷ ಸಂಸಾರ ಮಾಡಿದೀನಿ. ಇನ್ನೊಂದು ಜಾಗ ಇದೆ ಅಂತ ಇವತ್ತು ಗೊತ್ತಾಗ್ತಿದೆ.”

“ನಿನಗೆ ಹೇಳಿದ್ರೆ ಊರಿಗೇ ಡಂಗುರ ಸಾರಿದ ಹಾಗೆ.”

“ಸಾರ್ತಿದ್ದೆ, ಇಲ್ಲ ಅನ್ನಲ್ಲ. ಅದು ಬೇರೆ ಮಾತು.” ಅತ್ತೆ ಬಂದು ಸೊಸೆಯ ಪಕ್ಕ ಕೂತರು. “ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡೀತು, ನನ್ನ ಸೊಸೆ ಕಣ್ಣು ಬಿಟ್ಕೊಂಡು ನೋಡ್ತಾ ಇದ್ಲು. ಈಗೇನು ಮಾಡ್ತೀರಿ?”

ಮಾವ ಸೊಸೆಯತ್ತ ತಿರುಗಿದರು. “ನಿನ್ನ ಕೈಯಲ್ಲಿ ಸುಳ್ಳು ಬರೆಸಿಬಿಟ್ಟೆ. ತಪ್ಪಾಯ್ತು ಕಣಮ್ಮ. ಅಷ್ಟು ಚೆಂದದ ಅಕ್ಷರ.”

ಅವಳ ಕಣ್ಣು ತುಂಬಿತು. ಅವಳು ಹಸಿರು ಗಡಿಗೆಯನ್ನು ಅವರತ್ತ ಸ್ವಲ್ಪ ಸರಿಸಿದಳು. ಮಾವನೂ ಅದನ್ನು ಸ್ವಲ್ಪ ಆಚೆ ಸರಿಸಿದರು. “ಇಬ್ಬರೂ ಸೇರಿ ಅದನ್ನ ಒಡೀಬೇಡಿ,” ಎಂದು ಅತ್ತೆ ಎದ್ದು ಮೇಡಂಗೆ ಫೋನು ಮಾಡಲು ಹೋದರು.

ಮೇಡಂ ಬಂದು ಎಲ್ಲ ಕೇಳಿದರು. ಸಿಟ್ಟಾಗಲಿಲ್ಲ. “ನನ್ನದೂ ತಪ್ಪಿದೆ,” ಎಂದರು. “ಜಾಗದ ಹೆಸರು ಯಾರ ಕೈಗೆ ಹೋಗುತ್ತೆ ಅಂತ ನಾನು ಮೊದಲೇ ಹೇಳಬೇಕಿತ್ತು.” ಚೀಲದಿಂದ ಸಮುದ್ರದ ನಕ್ಷೆ ತೆಗೆದು ಹರಡಿದರು. ಅದರ ತುಂಬ ಚೌಕಗಳು, ಪ್ರತಿ ಚೌಕಕ್ಕೂ ಒಂದು ನಂಬರು. “ನಮ್ಮ ಕೇಂದ್ರದ ಪುಸ್ತಕಕ್ಕೆ ಹೋಗೋದು ಈ ನಂಬರು ಮಾತ್ರ. ಯಾವ ಮರ, ಯಾವ ಗುಡ್ಡ ಅಂತ ನಮಗೆ ಬೇಡ. ಒಂದು ಚೌಕ ಎಷ್ಟಗಲ ಗೊತ್ತಾ? ಈ ಮೂಲೆಯಿಂದ ಆ ಮೂಲೆಗೆ ನಿಮ್ಮ ದೋಣಿಗೆ ಒಂದು ಗಂಟೆ.”

ಮಾವ ನಕ್ಷೆಯ ಮೇಲೆ ಬಗ್ಗಿದರು. ಬೆರಳು ಅತ್ತ ಹೋಯಿತು, ಇತ್ತ ಬಂತು. ಕೊನೆಗೆ ಒಂದು ಚೌಕದ ನಡುವೆ ಊರಿತು. “ಇಷ್ಟರಲ್ಲಿ ಹುಡುಕೋದಾದ್ರೆ ಹುಡುಕ್ಕೊಳ್ಳಲಿ ಬಿಡಿ,” ಎಂದು ನಕ್ಕರು. ಆಮೇಲೆ ತಲೆಯಲ್ಲಾಡಿಸಿದರು. “ಅಲ್ಲ ಮೇಡಂ, ನಾನು ಬಾಯಿ ಬಿಡಲಿಲ್ಲ, ಮಗ ಬಾಯಿ ಬಿಡಲಿಲ್ಲ. ಒಂದು ಕಾಳಿನಷ್ಟು ಮಾಂಸ ಬಾಯಿ ಬಿಟ್ಟಿತಲ್ಲ!”

ಸೊಸೆ ಏಳು ಹೊಸ ಚೀಟಿ ಬರೆದಳು. ಈ ಸಲ ಅಕ್ಷರ ಮೊದಲಿನಷ್ಟು ದುಂಡಗೆ ಬರಲಿಲ್ಲ. ಮೇಡಂ ಒಂದೊಂದನ್ನೂ ಓದಿ ಜೋಪಾನವಾಗಿ ತೆಗೆದುಕೊಂಡರು.

ಭಾನುವಾರ ಹರಾಜು ಕಟ್ಟೆಯ ಹಿಂದಿನ ಹಾಲ್‌ನಲ್ಲಿ ಸಂಘದ ಸಭೆ. ಪ್ಲಾಸ್ಟಿಕ್ ಕುರ್ಚಿಗಳೆಲ್ಲ ತುಂಬಿದ್ದವು. ಸೊಸೆ ಅತ್ತೆಯ ಜೊತೆ ಹಿಂದಿನ ಕಿಟಕಿಯ ಹತ್ತಿರ ನಿಂತಿದ್ದಳು. ಮೇಡಂ ಎದ್ದು ಗುರುತುಗಳ ವಿಷಯ ವಿವರಿಸಿದರು. ಯಾರ ಹೆಸರೂ ಹೇಳದೆ ಮುಂದುವರಿಸಿದರು. “ದೀಪದ ಬಂಡೆ ಅಂತ ಬರೆದ ಸೀಸೆಗಳಲ್ಲಿ ಒಟ್ಟು ಹದಿನೆಂಟು, ಆಳದ ಮನೆತನದವು. ಅವುಗಳಲ್ಲಿ ಏಳರ ಚೀಟಿ ತಪ್ಪು ಅಂತ ನಿನ್ನೆ ಗೊತ್ತಾಯ್ತು. ಇನ್ನು ಹನ್ನೊಂದು ಉಳಿದಿವೆ. ಅವು ನಿಜವಾಗಲೂ ಬಂಡೆ ಹತ್ರ ಸಿಕ್ಕಿದ್ರೆ ನಮ್ಮ ತೀರ್ಮಾನ ಒಂದು. ಬೇರೆ ಕಡೆ ಸಿಕ್ಕಿದ್ರೆ ಇನ್ನೊಂದು. ಮೊಟ್ಟೆ ಕಾಲ ಮುಂದಿನ ವಾರವೇ ಶುರು.”

ಮಾವ ಎದ್ದು ನಿಂತರು. ಹಾಲ್‌ನಲ್ಲಿ ಗುಸುಗುಸು ನಿಂತಿತು.

“ಆ ಏಳು ನನ್ನವು,” ಎಂದರು. “ದೀಪದ ಬಂಡೆಯವಲ್ಲ. ಹೊರಗಿನವು. ಸುಳ್ಳು ಬರೆಸಿದ್ದು ನಾನೇ.”

“ಹೊರಗೆ ಅಂದ್ರೆ ಎಲ್ಲಿ ಯಜಮಾನ್ರೇ?” ಹಿಂದಿನ ಸಾಲಿನಿಂದ ಯಾರೋ ಕೇಳಿದರು.

“ನೀರಲ್ಲಿ,” ಎಂದರು ಮಾವ. ಎಲ್ಲರೂ ನಕ್ಕರು. ಅವರೂ ನಕ್ಕರು. ಆಮೇಲೆ ಕೈಯೆತ್ತಿ ನಗುವನ್ನು ನಿಲ್ಲಿಸಿದರು.

“ಮೇಡಂಗೆ ಚೌಕದ ನಂಬರು ಹೇಳಿದೀನಿ, ನನ್ನ ಗಂಟೇನೂ ಹೋಗಲಿಲ್ಲ. ನಾಳೆ ಬೆಳಿಗ್ಗೆ ಬಂಡೆ ಹತ್ರ ಇರೋ ನಮ್ಮ ಗಡಿಗೆ ಎಲ್ಲಾ ಎತ್ತುತ್ತೀವಿ. ಎರಡು ತಿಂಗಳು ಇಳಿಸಲ್ಲ. ಆದ್ರೆ ನಾನೊಬ್ಬ ಎತ್ತಿದ್ರೆ ಬಂಡೆ ಉಳಿಯಲ್ಲ. ಇನ್ನೂ ಹನ್ನೊಂದು ಇವೆಯಂತೆ. ನಿಮ್ಮಲ್ಲಿ ಯಾರಾದ್ರೂ ನನ್ನ ಹಾಗೇ ಬರೆಸಿದ್ರೆ ದಯವಿಟ್ಟು ಈಗ ಹೇಳ್ರಪ್ಪ.”

ಒಬ್ಬರು ಚಪ್ಪಲಿ ನೋಡಿಕೊಂಡರು, ಒಬ್ಬರು ಕಿಟಕಿಯಾಚೆ ನೋಡಿದರು. ಸೊಸೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಯಾರು ಬರೆಸಿದ್ದಾರೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಆದರೆ ಅದನ್ನು ಹೇಳಬೇಕಾದವರು ಅವರು. ಮಾವ ನಿಂತೇ ಇದ್ದರು.

ಗಡಿಗೆ ಇಳಿಸುವ ಅಣ್ಣಂದಿರೇ, ಚೀಟಿ ಬರೆಯುವ ಅಕ್ಕತಂಗಿಯರೇ, ನಿಮ್ಮ ಮನೆಗೂ ಹೀಗೆ ಸೀಸೆ ಬಂದಿರಬಹುದು, ನಾಳೆ ಬರಬಹುದು. ಕಾಲಿನ ತುದಿ ಕೊಡಿ. ಚಾಕು ಒರೆಸಿ. ಪೆನ್ಸಿಲ್ಲಿನಲ್ಲಿ ಬರೆಯಿರಿ. ಜಾಗದ ಹೆಸರು ಯಾರು ನೋಡುತ್ತಾರೆ ಎಂದು ಸೀಸೆ ತಂದವರನ್ನು ಕೇಳಿ ತಿಳಿದುಕೊಳ್ಳಿ. ಅದು ನಿಮ್ಮ ಹಕ್ಕು. ಗುರುತುಗಳು ಸುಳ್ಳು ಹೇಳುವುದಿಲ್ಲ. ಆದರೆ ಚೀಟಿ ಸುಳ್ಳಾದರೆ ಅವು ಹೇಳಿದ ನಿಜವೂ ಯಾರ ಕೆಲಸಕ್ಕೂ ಬಾರದು. ಈಗಾಗಲೇ ಬೇರೆ ಜಾಗ ಬರೆದಿದ್ದರೆ ನಾಚಿಕೊಳ್ಳಬೇಡಿ. ಸೀಸೆಯ ನಂಬರು, ಸಿಕ್ಕಿದ ಜಾಗದ ಚೌಕ, ಇಷ್ಟೇ ಸಾಕು.

ದಯವಿಟ್ಟು ಹೇಳಿ.